ಚರಸ್ನಾನಪೀಠಭಂಗಮೀಮಾಂಸೆ, ಅಥವಾ ಮೆಟಡೋರಿನ ಬಚ್ಚಲಿಗೆ ಬಿದ್ದ ಬಿರುಕು

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಇಲ್ಲಿ ವಿಷಯವು, ಹಳೆಯ ಮೆಟಡೋರ್ ಒಂದನ್ನು ಮನೆ ಮಾಡಿಕೊಂಡವರು ಅದರೊಳಗೆ ಕೂರಿಸಿದ ಬಚ್ಚಲಿನ ಟ್ರೇಗೆ ಬಿದ್ದಿರುವ ಗೇಣುದ್ದದ ಬಿರುಕು. ಪ್ರಯೋಜನವು, ಮಿಂದ ನೀರು ಪೈಪಿಗೆ ಹೋಗಿ, ಡ್ರೈವರ್ ಸೀಟಿನ ಅಡಿಗೆ ಹೋಗದಿರುವುದು. ಸಂಬಂಧವು ನೀರಿಗೂ ತುಕ್ಕಿಗೂ ಇರುವಂಥದ್ದು. ಅದನ್ನು ಬಿಡಿಸಲು ಬ್ರಹ್ಮನಿಂದಲೂ ಆಗದು. ಅಧಿಕಾರಿ ಯಾರೆಂಬಲ್ಲಿ ಮಾತ್ರ ವಿವಾದವಿದೆ. ಗಾಡಿಯ ಯಜಮಾನರು, ಮೈಸೂರು ಕುವೆಂಪುನಗರದ ನಿವೃತ್ತ ಅಧಿಕಾರಿಗಳು, ಈ ದುರಸ್ತಿಗೆ ತಾವೇ ಅಧಿಕಾರಿ ಎನ್ನುತ್ತಾರೆ. ಮಂಡಿ ಮೊಹಲ್ಲಾದ ಮೆಕ್ಯಾನಿಕ್ ಭಾಯಿಯವರು ‘ಸಾರ್ ಸ್ವಲ್ಪ ಆ ಕಡೆ ನಿಂತ್ಕೊಂಡ್ರೆ ಸಾಕು’ ಎನ್ನುತ್ತಾರೆ. ಎರಡೂ ಪ್ರಮಾಣವಾಕ್ಯಗಳೇ ಆದ್ದರಿಂದ ಮುಂದೆ ಹೋಗೋಣ.

ಮೈಸೂರು ಎಂದಮೇಲೆ ಆಕರಗಳನ್ನು ಮೊದಲು ಹುಡುಕಬೇಕಾದದ್ದು ಓಲೆಗರಿಯಲ್ಲಿ. 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿ ಇರುವುದು ಈ ಊರಿನಲ್ಲೇ. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದದ್ದೂ ಅಲ್ಲಿಂದಲೇ. ಮನೆಯ ಕೊಳೆನೀರು ಪಕ್ಕದವನ ಗೋಡೆಯನ್ನು ಕೆಡಿಸದಂತೆ ದೂರದಲ್ಲಿ ಹರಿಯಬೇಕು, ತಪ್ಪಿದರೆ ದಂಡ ಎಂದು ಕೌಟಿಲ್ಯನು ಕಟ್ಟುನಿಟ್ಟಾಗಿ ವಿಧಿಸಿದ್ದಾನೆ. ಆದರೆ ಮನೆಯೇ ಬೆಳಿಗ್ಗೆ ನಂಜನಗೂಡಿನಲ್ಲೂ ಸಂಜೆ ಗುಂಡ್ಲುಪೇಟೆಯಲ್ಲೂ ನಿಂತರೆ ಪಕ್ಕದವನು ಯಾರು ಎಂಬಲ್ಲಿ ಮೌನಿಯಾಗಿದ್ದಾನೆ. ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಸ್ನಾನವನ್ನು ರಾಜನ ಭೋಗಗಳಲ್ಲಿ ಒಂದೆಂದು ಎಣಿಸಿ, ಎಣ್ಣೆ ತಿಕ್ಕುವುದರಿಂದ ಹಿಡಿದು ವರ್ಣಿಸುತ್ತದೆ, ಮಿಂದಮೇಲೆ ಆ ನೀರಿನ ಗತಿ ಏನಾಯಿತೆಂದು ವಿಚಾರಿಸುವುದಿಲ್ಲ. ರಾಜರ ಪಾಡು ಹಾಗೆಯೇ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ವು ನೆಲದಡಿಯಲ್ಲಿ ಅಡಗಿರುವ ನೀರನ್ನು ಪತ್ತೆಹಚ್ಚುವ ವಿದ್ಯೆಯನ್ನು ಕನ್ನಡದಲ್ಲೇ ಹೇಳಿಕೊಟ್ಟಿದೆ. ಇಲ್ಲದ ಕಡೆ ನೀರು ಹುಡುಕಬಲ್ಲ ಆ ಮಹನೀಯನು, ಇದ್ದ ನೀರು ಎಲ್ಲಿಂದ ಜಾರಿಕೊಂಡಿತು ಎಂಬುದಕ್ಕೂ ಒಂದು ಅಧ್ಯಾಯ ಇಟ್ಟಿದ್ದರೆ ಈ ಪ್ರಬಂಧವೇ ಬೇಕಾಗುತ್ತಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ನಮ್ಮ ಟ್ರೇಗೆ ಸಲ್ಲಬೇಕಾದ ಜಾಗ ಅದೇ. ಅಲ್ಲೂ ಇಲ್ಲ.

ಇನ್ನು ಗಾಡಿಯ ಸ್ವರೂಪನಿರ್ಣಯ. ಇದು ವಿಂಟೇಜ್ ಗಾಡಿ ಎಂದು ಯಜಮಾನರ ಪ್ರತಿಜ್ಞೆ. ಬಜಾಜ್ ಟೆಂಪೋ ಕಂಪನಿ ಮೆಟಡೋರನ್ನು ಹೊರತಂದದ್ದು 1969ರಲ್ಲಿ. ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ, 50 ವರ್ಷ ದಾಟಿದ್ದು, ಚಾಸಿಗಾಗಲಿ ಬಾಡಿಗಾಗಲಿ ಎಂಜಿನ್ನಿಗಾಗಲಿ ಗಣನೀಯ ಮಾರ್ಪಾಡು ಆಗದೆ ಮೂಲರೂಪದಲ್ಲೇ ಉಳಿದದ್ದು ಮಾತ್ರ ವಿಂಟೇಜ್. ಯಜಮಾನರ ಆರ್‌ಸಿ ಪುಸ್ತಕದಲ್ಲಿ ಇಸವಿಯ ಕೊನೆಯ ಅಂಕಿಯನ್ನು ಗೆದ್ದಲು ತಿಂದಿರುವುದರಿಂದ ಮೊದಲನೆಯ ಷರತ್ತು ಸಂಶಯದ ಲಾಭದ ಮೇಲೆ ಪಾಸಾಗುತ್ತದೆ. ಎರಡನೆಯದರಲ್ಲಿ ತೊಡಕಿದೆ. ಬಚ್ಚಲು ಕೂರಿಸಬೇಕಾದರೆ ನೀರು ಹೋಗಲು ಗಾಡಿಯ ನೆಲಕ್ಕೆ ತೂತು ಕೊರೆಯಬೇಕು. ತೂತು ಕೊರೆದರೆ ಬಾಡಿಗೆ ಮಾರ್ಪಾಡು. ಮಾರ್ಪಾಡಾದರೆ ವಿಂಟೇಜ್ ಅಲ್ಲ. ಆದ್ದರಿಂದ ‘ಬಚ್ಚಲುಳ್ಳ ವಿಂಟೇಜ್ ಮೆಟಡೋರ್’ ಎಂಬುದು ನೈಯಾಯಿಕರ ಗಗನಕುಸುಮದ ಜಾತಿಗೆ ಸೇರಿತು. ಇಲ್ಲದ ಗಾಡಿಯ ಬಿರುಕಿನಿಂದ ಇಷ್ಟೊಂದು ನೀರು ಸೋರುವುದು ಹೇಗೆ ಎಂದು ಯಜಮಾನತಿಯವರು ಕೇಳುತ್ತಾರೆ. ತರ್ಕಕ್ಕೆ ಹೆಂಗಸರು ಬಂದರೆ ಹೀಗೆಯೇ, ನೇರ ಒರೆಸುವ ಬಟ್ಟೆಯನ್ನೇ ಪ್ರಮಾಣವಾಗಿ ತೋರಿಸುತ್ತಾರೆ. ಅಂದಹಾಗೆ, ವಿಂಟೇಜ್ ಗಾಡಿ ರಸ್ತೆಗಿಳಿಯಲು ಅದೇ ನಿಯಮಗಳು ಒಪ್ಪುವ ಕಾರಣಗಳಲ್ಲಿ ಪ್ರದರ್ಶನ, ರ‍್ಯಾಲಿ, ಪೆಟ್ರೋಲು ಹಾಕಿಸುವುದು, ರಿಪೇರಿ ಎಲ್ಲ ಇವೆ. ಸ್ನಾನ ಇಲ್ಲ.

ಚಲಿಸುವ ಮನೆಯಲ್ಲಿ ಬಚ್ಚಲಿಡುವುದು ಮ್ಲೇಚ್ಛರ ಶೋಕಿ ಎಂಬ ಆಕ್ಷೇಪಕ್ಕೆ ಉತ್ತರ ಕೃಷ್ಣರಾಜಸಾಗರ ರಸ್ತೆಯ ರೈಲ್ವೆ ಮ್ಯೂಸಿಯಮ್ಮಿನಲ್ಲಿದೆ. 1979ರಲ್ಲಿ ಶುರುವಾದ ಆ ಸಂಗ್ರಹಾಲಯದ ಶ್ರೀರಂಗ ಪೆವಿಲಿಯನ್ನಿನಲ್ಲಿ ನಿಂತಿರುವ ಮಹಾರಾಣಿ ಸಲೂನು 1899ರದ್ದು. ಅಡುಗೆಮನೆ, ಊಟದ ಕೋಣೆ, ಶೌಚದ ವ್ಯವಸ್ಥೆ ಎಲ್ಲವನ್ನೂ ಹಳಿಯ ಮೇಲೆ ಹೊತ್ತು ತಿರುಗಿದ್ದು. ಮೈಸೂರಿಗೆ ಚರಗೃಹ ಹೊಸದಲ್ಲ. ಹಂಪ್ ಮಾತ್ರ ಹೊಸದು.

ಈಗ ಪೂರ್ವಪಕ್ಷಗಳು. ಸಂತೇಪೇಟೆಯ ಹಾರ್ಡ್‌ವೇರ್ ಅಂಗಡಿಗಳ ಮುಂದೆ ನಿಂತು ಸಂಗ್ರಹಿಸಿದಂತೆ, ಪ್ರಬಲವಾದುವು ಮೂರು. ಮೊದಲನೆಯವರು ಎಂ-ಸೀಲ್ ವಾದಿಗಳು: ಎರಡು ಉಂಡೆಗಳನ್ನು ನಾದಿ ಬಿರುಕಿಗೆ ಮೆತ್ತಿದರೆ ಜಗತ್ತು ಸರಿಹೋಗುತ್ತದೆ ಎಂಬುದು ಇವರ ಅದ್ವೈತ. ನಲ್ಲಿಪೈಪಿನಂಥ ಅಲುಗದ ವಸ್ತುವಿನಲ್ಲಿ ಇದು ನಿಜವೂ ಹೌದು. ಕಾಲಿಟ್ಟಾಗಲೆಲ್ಲ ಬಗ್ಗುವ ಟ್ರೇಯಲ್ಲಿ ಗಟ್ಟಿಯಾದ ಉಂಡೆ ಬಗ್ಗುವುದಿಲ್ಲ. ಎರಡರ ನಡುವೆ ಕೂದಲೆಳೆಯ ಹೊಸ ಬಿರುಕು ಹುಟ್ಟುತ್ತದೆ. ಎರಡನೆಯವರು ಗಾರೆಕೆಲಸದ ಹಿರಿಯರು. ಕನ್ನಂಬಾಡಿ ಕಟ್ಟೆಯನ್ನು ಸುರ್ಕಿ ಗಾರೆಯಲ್ಲಿ ಕಟ್ಟಿ ನಿಲ್ಲಿಸಿದ ನಾಡಿನಲ್ಲಿ ಬಚ್ಚಲಿಗೆ ಪ್ಲಾಸ್ಟಿಕ್ಕೇ ಎಂದು ಇವರಿಗೆ ಸಂಕಟ. ‘ನಾಲ್ಕು ಬಾಣಲೆ ಗಾರೆ ಹಾಕಿ ರೆಡಾಕ್ಸೈಡ್ ಎಳೆದುಕೊಡ್ತೀನಿ ಬುದ್ಧಿ, ಮೊಮ್ಮಕ್ಕಳ ಕಾಲಕ್ಕೂ ಇರ‍್ತದೆ’ ಎಂಬ ಭರವಸೆಯಲ್ಲಿ ಸುಳ್ಳಿಲ್ಲ. ಆದರೆ ಕಟ್ಟೆಯು ಗುಂಡ್ಲುಪೇಟೆಗೆ ಹೋಗಿಬರುವುದಿಲ್ಲ. ಮೂರನೆಯವರು ಕೆಡಹುವಾದಿಗಳು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಂದಿನಿಂದ ಈ ಊರಿನಲ್ಲಿ ಕೆಡವಬೇಕೋ ಉಳಿಸಬೇಕೋ ಎಂಬ ಎರಡು ಸಂಪ್ರದಾಯಗಳು ಬೆಳೆದಿದ್ದು, ಯಾವ ವಸ್ತುವಿನ ಬಿರುಕನ್ನು ತೋರಿಸಿದರೂ ಅವು ಎದ್ದು ಕೂರುತ್ತವೆ. ಮೆಟಡೋರಿನ ಟ್ರೇಗೂ ಸಮಿತಿಯೊಂದನ್ನು ಮಾಡೋಣ ಎಂಬಲ್ಲಿಗೆ ಮಾತು ಬಂದಿತ್ತು. ಸಂಜೆಯ ಕಾಫಿ ಅದನ್ನು ತಡೆಯಿತು.

ಸಿದ್ಧಾಂತಸೂತ್ರ ಇಷ್ಟು: ಸೋರುವುದು ಲಕ್ಷಣ, ಅಲುಗುವುದು ಕಾರಣ. ಇದಕ್ಕೆ ಭಾಷ್ಯ. ಟ್ರೇ ಎಂಬುದು ಮೂರು ನಾಲ್ಕು ಮಿಲಿಮೀಟರ್ ದಪ್ಪದ ಹಾಳೆ. ಅಂಚಿನಲ್ಲಿ ಅದಕ್ಕೆ ಆಧಾರವಿದೆ, ನಡುವೆ ಕೆಳಗಡೆ ಟೊಳ್ಳು. ಮೀಯುವವರು ಹಿಮ್ಮಡಿಯೂರಿದಾಗ ಇಡೀ ಮೈಭಾರ ಅಂಗೈಯಗಲದ ಜಾಗಕ್ಕೆ ಬೀಳುತ್ತದೆ. ಹಾಳೆ ಬಗ್ಗುತ್ತದೆ, ಮತ್ತೆ ಎದ್ದುಕೊಳ್ಳುತ್ತದೆ. ಇದರ ಮೇಲೆ ರಿಂಗ್ ರೋಡಿನ ಕುಲುಕಾಟ. ವರ್ಷಗಟ್ಟಲೆ ಬಗ್ಗಿ ಎದ್ದು, ಕೊನೆಗೆ ನೀರು ಹೋಗುವ ತೂತಿನ ಅಂಚಿನಿಂದ ಬಾಯಿ ಬಿಡುತ್ತದೆ. ಸೋರಿದ ನೀರು ಕೆಳಗಿನ ಪ್ಲೈವುಡ್ಡನ್ನು ಕೊಳೆಸಿ ಇದ್ದ ಆಧಾರವನ್ನೂ ತಿನ್ನುತ್ತದೆ, ಬಿರುಕು ಇನ್ನಷ್ಟು ಓಡುತ್ತದೆ. 2021ರ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆಯ ರಸ್ತೆ ಕುಸಿದಾಗ ಮೇಲೆ ಟಾರು ಬಳಿದು ಮುಗಿಸುವಂತಿರಲಿಲ್ಲ, ಜಾರಿದ್ದು ಇಳಿಜಾರಿನ ಮಣ್ಣು. ಟ್ರೇಯ ವಿಷಯದಲ್ಲೂ ಮೊದಲು ಬಗ್ಗಿ ಕೆಳಗೆ ನೋಡಬೇಕು. ಯಜಮಾನರಿಗೆ ಸೊಂಟನೋವು ಇರುವುದರಿಂದ ಈ ದರ್ಶನವು ತಡವಾಯಿತೆಂದು ಗ್ರಂಥಾಂತರದಲ್ಲಿದೆ.

ಪ್ರಯೋಗಕ್ಕೆ ಮುನ್ನ ದ್ರವ್ಯಪರೀಕ್ಷೆ. ಟ್ರೇಯ ಅಡಿಭಾಗ ಒರಟಾಗಿದ್ದು ಗಾಜಿನ ನಾರು ಕಂಡರೆ ಅದು ಫೈಬರ್. ಎರಡೂ ಕಡೆ ನುಣುಪಾಗಿದ್ದರೆ, ಮರೆಯ ಮೂಲೆಯಲ್ಲಿ ಒಂದು ತೊಟ್ಟು ಅಸಿಟೋನ್ ಹಾಕಿ ನೋಡಬೇಕು. ಮೆತ್ತಗಾಗಿ ಅಂಟಂಟಾದರೆ ಎಬಿಎಸ್ ಪ್ಲಾಸ್ಟಿಕ್. ಪ್ಲಾಸ್ಟಿಕ್ಕಿಗೆ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ, ಎಪಾಕ್ಸಿಯೇ ಬೇಕು. ಈ ಜಾತಿನಿರ್ಣಯ ಮಾಡದೆ ರೆಸಿನ್ ತಂದವರು ಎರಡು ಸಲ ತರುತ್ತಾರೆ; ಅಂಗಡಿಯವರು ಇಂಥವರನ್ನು ಬಹಳ ಗೌರವದಿಂದ ಕಾಣುತ್ತಾರೆ. ನಮ್ಮದು ಫೈಬರ್.

ಬಿರುಕಿನ ಎರಡೂ ತುದಿಗಳಲ್ಲಿ ಮೂರು ಮಿಲಿಮೀಟರಿನ ತೂತು ಹಾಕಬೇಕು. ಒಡೆದದ್ದಕ್ಕೆ ಮತ್ತೆ ತೂತೇ ಎಂದು ಯಜಮಾನರು ಕೂಗಿಕೊಂಡರು. ಚೂಪಾದ ತುದಿಯಲ್ಲಿ ಒತ್ತಡವೆಲ್ಲ ಸೇರಿ ಬಿರುಕು ಓಡುತ್ತದೆ, ತುದಿಯನ್ನು ದುಂಡಗೆ ಮಾಡಿದರೆ ನಿಲ್ಲುತ್ತದೆ. ಆಮೇಲೆ ಬಿರುಕನ್ನು ಮೇಲಿನಿಂದ ಅಗಲಿಸಿ, ಸುತ್ತಲೂ ಉಪ್ಪುಕಾಗದ ಹಾಕಿ ಹೊಳಪು ಹೋಗುವ ತನಕ ಉಜ್ಜಬೇಕು. ಎಂಬತ್ತನೆಯ ನಂಬರಿನದು ಸಾಕು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದವನು ಆ ರಾತ್ರಿ ಗಾಜಿನ ಧೂಳಿನೊಂದಿಗೆ ಕೆಮ್ಮುತ್ತಾ ಜಾಗರಣೆ ಮಾಡುತ್ತಾನೆ, ಪುಣ್ಯವೇನೂ ಬರುವುದಿಲ್ಲ.

ಇಲ್ಲಿಗೆ ಈ ಶಾಸ್ತ್ರದ ಅತಿ ಸೂಕ್ಷ್ಮ ಪ್ರಕರಣ, ತೈಲದೋಷ. ನೀರು ತುಂಬುವ ಹಬ್ಬದ ಮರುದಿನ ಎಣ್ಣೆ ಹಚ್ಚಿಕೊಂಡು ಮೀಯದೆ ಇದ್ದರೆ ನರಕಾಸುರನಿಗಿಂತ ಕಡೆ ಎಂದು ನಂಬಿರುವ ಮನೆತನದವರು, ಮೆಟಡೋರಿನಲ್ಲಿದ್ದರೂ ಬಿಡುತ್ತಾರೆಯೇ? ಹರಳೆಣ್ಣೆಯೂ ಸೀಗೆಪುಡಿಯೂ ಸೇರಿ ಬಿರುಕಿನ ಒಳಕ್ಕೆ ಇಳಿದಿರುತ್ತವೆ. ಅದರ ಮೇಲೆ ಗಂಧದ ಸಾಬೂನಿನ ಪದರ. ಎಣ್ಣೆಯ ಮೇಲೆ ಹಚ್ಚಿದ ರೆಸಿನ್ ಮೊದಲ ವಾರ ಹಿಡಿದಂತೆ ನಟಿಸಿ ಎರಡನೆಯ ವಾರ ಹಾಳೆಯಾಗಿ ಎದ್ದುಬರುತ್ತದೆ. ಆದ್ದರಿಂದ ಉಜ್ಜುವ ಮೊದಲು ಒಂದು ಸಲ, ಉಜ್ಜಿದ ಮೇಲೆ ಒಂದು ಸಲ ಅಸಿಟೋನಿನಲ್ಲಿ ಒರೆಸಬೇಕು. ಮೊದಲು ಉಜ್ಜಿ ಆಮೇಲೆ ಮಾತ್ರ ಒರೆಸಿದರೆ ಎಣ್ಣೆಯನ್ನು ಗೀರುಗಳೊಳಗೆ ತಿಕ್ಕಿ ಕೂರಿಸಿದಂತೆ.

ರೆಸಿನ್ ಕಲಸುವ ವಿಧಿಯಲ್ಲಿ ಋತುಧರ್ಮವನ್ನು ಮೀರಬಾರದು. ನೂರು ಗ್ರಾಂ ಪಾಲಿಯೆಸ್ಟರಿಗೆ ಒಂದರಿಂದ ಎರಡು ಗ್ರಾಂ ಹಾರ್ಡ್ನರ್. ಏಪ್ರಿಲ್ ಬಿಸಿಲಿನಲ್ಲಿ ಎರಡರ ಕಡೆಗೆ ಕೈ ಹೋದರೆ ಬ್ರಶ್ಶಿಗೆ ಅದ್ದುವಷ್ಟರಲ್ಲಿ ಡಬ್ಬಿಯಲ್ಲೇ ಹೆಪ್ಪುಗಟ್ಟಿ ಹೊಗೆಯಾಡುತ್ತದೆ. ರೆಸಿನ್ ಬೇಗ ಗಟ್ಟಿಯಾಗಿಸುವ ಕೋಬಾಲ್ಟ್ ಬೇರೆ ಸೀಸೆಯಲ್ಲಿ ಬಂದಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಪೂರ್ತಿ ಬೆರೆಸಿ, ಆಮೇಲೆ ಹಾರ್ಡ್ನರ್ ಹಾಕಬೇಕು. ಇವೆರಡನ್ನು ನೇರವಾಗಿ ಕೂಡಿಸಿದರೆ ಬೆಂಕಿ ಹತ್ತುವುದೋ ಸಿಡಿಯುವುದೋ ಖಂಡಿತ. ಇಲ್ಲಿ ತಮಾಷೆ ಇಲ್ಲ. ಮೇಲೆ ಗಾಜಿನ ಮ್ಯಾಟ್, ಒಂದಕ್ಕಿಂತ ಒಂದು ಅಗಲವಾಗಿ ಎರಡು ಮೂರು ಪದರ, ಗಾಳಿಗುಳ್ಳೆ ಹೋಗುವಂತೆ ರೋಲರ್. ಸಾಧ್ಯವಾದರೆ ಅಡಿಯಿಂದಲೂ ಹಾಗೆಯೇ.

ರೆಸಿನ್ ಅವೈದಿಕವೆಂಬ ಶಂಕೆಯುಳ್ಳವರು ಪಾಂಡವರ ಅರಗಿನ ಮನೆಯನ್ನು ನೆನೆಯಬಹುದು. ಕಟ್ಟಡಕ್ಕೆ ರಾಳ ಬಳಸಿದವರಲ್ಲಿ ದುರ್ಯೋಧನನೇ ಅಗ್ರಗಣ್ಯ, ಉದ್ದೇಶ ಬೇರೆಯಾಗಿತ್ತು ಅಷ್ಟೆ. ಅರಗಿನ ಪರಂಪರೆ ಈ ಊರಿನಲ್ಲಿ ಕಡಿದಿಲ್ಲ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ್ದೇ ಇಂದು ಇಡೀ ದೇಶದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತಿದೆ. ಆ ಶಾಯಿ ಉಗುರಿನಿಂದ ಹೋಗದಷ್ಟು ಗಟ್ಟಿಯಾಗಿ ನಮ್ಮ ತೇಪೆಯೂ ಹಿಡಿದರೆ ಸಾಕು ಎಂದು ಯಜಮಾನರು ಕೈಮುಗಿದರು.

ಕೊನೆಯ ಕರ್ಮ ಆಧಾರಪ್ರತಿಷ್ಠೆ. ಕೊಳೆತ ಪ್ಲೈ ಕಿತ್ತು, ನೀರು ತಡೆಯುವ ಹೊಸ ಪ್ಲೈ ಕೂರಿಸಿ, ನಡುವಿನ ಟೊಳ್ಳಿಗೆ ಪಿಯು ಫೋಮ್ ತುಂಬುವುದು. ಫೋಮ್ ಉಬ್ಬುತ್ತದೆ, ಮೇಲೆ ಭಾರವಿಲ್ಲದಿದ್ದರೆ ಟ್ರೇಯನ್ನೇ ಎತ್ತಿ, ಹೊಸ ತೇಪೆಯನ್ನು ಮುರಿದುಹಾಕುತ್ತದೆ. ಅದಕ್ಕೆ ಅಕ್ಕಿಮೂಟೆ ಇಡಬೇಕೆಂದು ಒಂದು ಮತ, ನೀರು ತುಂಬಬೇಕೆಂದು ಇನ್ನೊಂದು. ಯಜಮಾನರು ಭಾವಮೈದುನನನ್ನು ನಿಲ್ಲಿಸಿದರು. ಒಂದೇ ಕಡೆ ನಿಂತರೆ ಭಾರ ಸಮನಾಗುವುದಿಲ್ಲವೆಂದು ಭಾಯಿ ಹೇಳಿದಮೇಲೆ ಅವರನ್ನು ಮಲಗಿಸಲಾಯಿತು. ಫೋಮ್ ಗಟ್ಟಿಯಾಗುವವರೆಗೆ ಅವರು ಎರಡು ಲೋಟ ಕಾಫಿ ಕುಡಿದರೆಂದು ತಿಳಿಯುತ್ತದೆ.

ಜಲಪರೀಕ್ಷೆಗೆ ತೂತಿಗೆ ಬಿರಡೆ ಹಾಕಿ, ಟ್ರೇ ತುಂಬ ನೀರು ಬಿಟ್ಟು, ಮಟ್ಟಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿ, ಗಾಡಿಯ ಕೆಳಗೆ ದಿನಪತ್ರಿಕೆ ಹಾಸಿ, ಒಂದು ಅಹೋರಾತ್ರಿ ಬಿಡತಕ್ಕದ್ದು. 1970ರಿಂದ ಇಲ್ಲೇ ಅಚ್ಚಾಗುವ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ವನ್ನೇ ಹಾಸಿದರೆ ಶಾಸ್ತ್ರಕ್ಕೆ ಶೋಭೆ ಎಂದು ಪ್ರಬಂಧಕಾರನ ಅಭಿಪ್ರಾಯವಿತ್ತು, ಹಾಳೆ ಚಿಕ್ಕದು, ಮೇಲಾಗಿ ಸರಸ್ವತಿ, ಆದ್ದರಿಂದ ರಿಯಲ್ ಎಸ್ಟೇಟ್ ಪುರವಣಿಯನ್ನು ಹಾಸಲಾಯಿತು. ಬೆಳಿಗ್ಗೆ ನೋಡಿದರೆ ನೀರು ಗುರುತಿಗಿಂತ ಒಂದು ಜೋಳದಕಾಳಿನಷ್ಟು ಕೆಳಗೆ! ಸೋರಿಕೆ ಎಂದು ಯಜಮಾನರು ತಲೆಗೆ ಕೈಹೊತ್ತರು. ಬಿಸಿಲಿಗೆ ಆರಿದೆ ಎಂದು ಪ್ರಬಂಧಕಾರನು ಆವಿಸಿದ್ಧಾಂತವನ್ನು ಮಂಡಿಸಿ, ಪಕ್ಕದಲ್ಲಿ ಅಷ್ಟೇ ಅಗಲದ ಇನ್ನೊಂದು ಪಾತ್ರೆಯಿಟ್ಟು ಹೋಲಿಸಿ ನೋಡುವುದು ಯುಕ್ತವೆಂದು ಸೂಚಿಸಿದನು. ಅಂಥ ಪಾತ್ರೆ ಮನೆಯಲ್ಲಿ ಒಂದೇ ಇತ್ತು, ಅದರಲ್ಲಿ ಹಪ್ಪಳದ ಹಿಟ್ಟಿತ್ತು.

ಅಷ್ಟರಲ್ಲಿ ಭಾಯಿ ಗಾಡಿಯ ಕೆಳಗೆ ನುಸುಳಿ, ಪುರವಣಿಯನ್ನು ಎಳೆದು ತಂದು ಯಜಮಾನರ ಕೈಗೆ ಕೊಟ್ಟರು.

‘ಒಣಗೈತೆ ಸಾರ್. ಓದ್ಕೊಳಿ.’