ಒಂದು ರೊಟ್ಟಿಗೆ ಒಲೆ ಹಚ್ಚಿದ ಹಾಗೆ

ನಮ್ಮ ಘೋಣಸಗಿಗೆ ಹೊಸ ಗಾಡಿ ತಗೊಂಡು ಹೋದರೆ ಅದರ ಬಣ್ಣವನ್ನಾಗಲಿ ಬೆಲೆಯನ್ನಾಗಲಿ ಯಾರೂ ಮೊದಲು ಕೇಳುವುದಿಲ್ಲ. ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಪಚಕ್ಕೆನ್ನುವ ಮೊದಲೇ ಗುಡಿಯ ಕಟ್ಟೆಯಿಂದ ಪ್ರಶ್ನೆ ತೂರಿ ಬರುತ್ತದೆ: "ಮಾಸ್ತರ, ಆವರೇಜ್ ಎಷ್ಟ ಕೊಡತೈತ್ರಿ?"

ಬೇರೆ ಕಡೆ ಈ ಶಬ್ದಕ್ಕೆ ಸರಾಸರಿ ಎಂಬ ಅರ್ಥ ಇದ್ದೀತು. ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಅದಕ್ಕಿರುವುದು ಒಂದೇ ಅರ್ಥ: ಲೀಟರಿಗೆ ಎಷ್ಟು ಕಿಲೋಮೀಟರ್. ಎತ್ತಿನ ಬಾಯಿ ಬಿಡಿಸಿ, ಹಲ್ಲು ಎಣಿಸಿ ವ್ಯಾಪಾರ ಮುಗಿಸಿದವರ ಮೊಮ್ಮಕ್ಕಳು ಇವರು. ಗಾಡಿಗೆ ಹಲ್ಲಿಲ್ಲ, ಅದಕ್ಕೇ ಆವರೇಜ್ ಕೇಳುತ್ತಾರೆ.

ನಾನು ಎದೆಯುಬ್ಬಿಸಿ, "ಇಪ್ಪತ್ತೈದರ ಮ್ಯಾಲ. ಹೈಬ್ರಿಡ್ ಗಾಡಿ ಐತಿ ಇದು" ಅಂದೆ. ಕಟ್ಟೆ ಸುಮ್ಮನಾಯಿತು. ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ಮಾತ್ರ ಸಣ್ಣದಾಯಿತು.

"ತಮ್ಮಾ, ಇಷ್ಟ ರೊಕ್ಕಾ ಸುರದು ಹೈಬ್ರೀಡ ಯಾಕ ತಂದಿ? ಜವಾರಿ ಸಿಗಲಿಲ್ಲೇನು?"

ಅವ್ವನ ತಪ್ಪೇನಿಲ್ಲ. ನಮ್ಮ ಕಡೆ ಹೈಬ್ರಿಡ್ ಎಂದರೆ ಜೋಳ. ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಅಂದಿನಿಂದ ಅವ್ವನ ತೀರ್ಪು ಬದಲಾಗಿಲ್ಲ: ಹೈಬ್ರೀಡ ಇಳುವರಿಗೆ ಬಲ, ರೊಟ್ಟಿಗೆ ಸಪ್ಪೆ. ಹಿಂಗಾರಿಯ ಮಾಲದಂಡಿ ಬಿಳಿಜೋಳ ಉಂಡು ಬೆಳೆದ ನಾಲಿಗೆಗೆ ಬೇರೆ ಏನು ಹೇಳಿದರೂ ಹತ್ತುವುದಿಲ್ಲ.

ಕಟ್ಟೆಯವರ ಎರಡನೆಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. "ಕರೆಂಟಿನ ಗಾಡಿ ಅಂದ್ರ ಚಾರ್ಜಿಂಗ್ ಎಲ್ಲಿ ಹಚ್ಚತೀರಿ? ರಾತ್ರಿ ತ್ರೀ ಫೇಸ್ ಬಂದಾಗೇನು?" ಪಂಪ್‌ಸೆಟ್ಟಿಗಾಗಿ ಅರ್ಧರಾತ್ರಿ ಎದ್ದು ತ್ರೀ ಫೇಸ್ ಕಾಯುವವರ ಊರಿನಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. "ಇದಕ್ಕ ವೈರ್ ಹಚ್ಚೂದ ಇಲ್ಲ. ಬ್ರೇಕ್ ಹಾಕಿದ್ರ, ಇಳಕಲಾ ಬಂದ್ರ, ತಾನ ಕರೆಂಟ್ ಮಾಡಕೋತೈತಿ" ಎಂದೆ. ಇಡೀ ಕಟ್ಟೆ ನನ್ನನ್ನು ಮರುಕದಿಂದ ನೋಡಿತು. ಮಾಸ್ತರಗ ಯಾರೋ ಟೊಪ್ಪಿಗಿ ಹಾಕ್ಯಾರ ಎಂಬ ಮರುಕ.

ಗಾಡಿ ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ಟೊಯೋಟಾದವರ ಪ್ರಿಯಸ್ 1997ರಲ್ಲಿ ಜಪಾನಿನ ರಸ್ತೆಗಿಳಿದ ಮೇಲೆ ಈ ವಿದ್ಯೆ ಎಷ್ಟೋ ಕಂಪನಿಗಳಿಗೆ ಹಬ್ಬಿದೆ. ನಮ್ಮ ಬಿಡದಿಯಲ್ಲೇ 2013ರಿಂದ ಹೈಬ್ರಿಡ್ ಕಾರು ತಯಾರಾಗುತ್ತಿದೆ ಎಂದು ತಿಳಿದಾಗ ನಾನು ಬೆರಗಾದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ಬಿಟ್ಟು ಬೇರೆ ಏನಾದರೂ ತಯಾರಾಗುತ್ತದೆಂದು ಎಣಿಸಿರಲಿಲ್ಲ.

ಒಳಗಿನ ಲೆಕ್ಕ ಸರಳ. ಒಂದು ಪೆಟ್ರೋಲ್ ಇಂಜಿನ್, ಒಂದು ಮೋಟಾರು, ಒಂದು ಸಣ್ಣ ಬ್ಯಾಟರಿ. ಸಾದಾ ಗಾಡಿಯಲ್ಲಿ ಬ್ರೇಕು ಒತ್ತಿದರೆ ಓಟದ ಶಕ್ತಿಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಇಲ್ಲಿ ಮೋಟಾರು ತಿರುಗಾಮುರುಗಾ ಡೈನಮೋ ಆಗಿ ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ತುಂಬುತ್ತದೆ. ಒಂದಷ್ಟನ್ನು ಮಾತ್ರ, ಪೂರ್ತಿ ಅಲ್ಲ. ನಮ್ಮ ಜಿಲ್ಲೆಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಹಿಂದಿರುಗಿಸುವುದು ಗೋಲಗುಂಬಜ್ ಒಂದೇ. ಅಲ್ಲಿ ಒಮ್ಮೆ "ಓ" ಎಂದರೆ ಏಳು ಸಲ "ಓ" ಎನ್ನುತ್ತದೆ. ಗಾಡಿಗೆ ಆ ದೊಡ್ಡ ಮನಸ್ಸಿಲ್ಲ.

ಇನ್ನೊಂದು ತೊಡಕೆಂದರೆ, ವಿಜಯಪುರದಲ್ಲಿ ಇಳಿಜಾರೇ ಇಲ್ಲ. ನಗರದಲ್ಲಿ ಏರಬೇಕೆಂದರೆ ಉಪ್ಪಲಿ ಬುರುಜು ಏರಬೇಕು. ಆ 80 ಅಡಿಗೆ ಮೆಟ್ಟಿಲಿದೆಯೇ ಹೊರತು ಗಾಡಿಗೆ ದಾರಿಯಿಲ್ಲ. ಹೀಗಾಗಿ ನನ್ನ ಬ್ಯಾಟರಿಗೆ ಆಧಾರವಾದದ್ದು ಹಂಪ್‌ಗಳು. ಬಯಲುಸೀಮೆಯವನಿಗೆ ಹಂಪೇ ಘಾಟು. ಊರೆಲ್ಲ ಬೈಯುವ ಹಂಪನ್ನು ನಾನೊಬ್ಬ ಕೈಮುಗಿದು ದಾಟುತ್ತಿದ್ದೆ. ದೂರದಿಂದಲೇ ಮೆಲ್ಲಗೆ ಬ್ರೇಕು ಒತ್ತುವುದು, ಪರದೆಯ ಮೇಲೆ ಹಸಿರು ಬಾಣ ಬ್ಯಾಟರಿಯ ಕಡೆ ಓಡುವುದನ್ನು ನೋಡಿ ಹಿಗ್ಗುವುದು, ಹಿಂದಿನ ಟಂಟಂನವನ ಬೈಗುಳ ಕೇಳುವುದು. ಇಷ್ಟಾದರೂ ಮನೆಯಿಂದ ಕಿರಾಣಿ ಅಂಗಡಿ, ಅಲ್ಲಿಂದ ಮನೆ ಎಂದು ಒಂದು ವಾರ ಓಡಿಸಿದ ಮೇಲೆ ಪರದೆ ತೋರಿಸಿದ್ದು 13.

ನನಗೆ ಜ್ವರ ಬಂದಂತಾಯಿತು. ಕಿಸೆಯಿಲ್ಲದ ಅಂಗಿ ತೊಟ್ಟು ಬಾಳಿದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಬಿಜ್ಜರಗಿ ನಮ್ಮ ತಾಲ್ಲೂಕಿನದೇ. ಆ ನೆಲದ ಗಾಳಿ ಕುಡಿದವನಿಗೆ ಕಿಸೆಯ ವಿಷಯದಲ್ಲಿ ಚೂರಾದರೂ ವೈರಾಗ್ಯ ಇರಬೇಕಿತ್ತು. ಇರಲಿಲ್ಲ. ಒಂದು ನೋಟ್‌ಬುಕ್ ತಂದು ಗೆರೆ ಹೊಡೆದೆ: ತಾರೀಖು, ದೂರ, ಲೀಟರ್, ಆವರೇಜ್, ಷರಾ.

ಮಂಗಳೂರಿನಲ್ಲಿರುವ ಅಳಿಯಂದಿರಿಗೆ ಫೋನು ಹಚ್ಚಿದೆ. ಅವರು ಇಂಜಿನಿಯರು. "ಮಾವಾರ, ಗಾಡಿದೇನೂ ತಪ್ಪಿಲ್ಲ. ಇಂಜಿನ್ ಬಿಸಿ ಆಗೂದ್ರಾಗ ನೀವು ಮನಿಗೆ ಬಂದಿರತೀರಿ" ಅಂದರು.

"ಮೇ ತಿಂಗಳದಾಗ ವಿಜಯಪುರದ ಬಿಸಲಿಗೆ ನಿಂತ ಗಾಡಿರಿ ಅದು. ಇನ್ನ ಎಷ್ಟ ಬಿಸಿ ಬೇಕಂತ?"

"ಮುನ್ನೂರು ಡಿಗ್ರಿ."

ನಾನು ಫೋನನ್ನೇ ನೋಡಿದೆ. ಹೊಗೆ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬುದೊಂದು ಇರುತ್ತದೆ. ಹೊಗೆಯ ವಿಷ ತೆಗೆಯುವುದು ಅದರ ಕೆಲಸ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಅದು ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಇಂಜಿನ್ನಿನ ನೀರು, ಎಣ್ಣೆ ಕೂಡ ಹದಕ್ಕೆ ಬರಬೇಕು. ಆ ತನಕ ಬ್ಯಾಟರಿ ತುಂಬಿದ್ದರೂ, ರಸ್ತೆ ಇಳುಕಲಿದ್ದರೂ ಇಂಜಿನ್ ತನ್ನ ಪಾಡಿಗೆ ಉರಿಯುತ್ತಿರುತ್ತದೆ. ನಮ್ಮ 42 ಡಿಗ್ರಿ ಬಿಸಿಲು ಅದಕ್ಕೆ ಉಗುರುಬೆಚ್ಚಗೆ.

"ಒಮ್ಮೆ ಮಂಗಳೂರಿಗೆ ತಗೊಂಡ ಬರ್ರಿ ಮಾವಾರ, ಇಲ್ಲಿ ಬರೇ ಗುಡ್ಡ" ಎಂದರು ಅಳಿಯಂದಿರು. ಮಗಳನ್ನು ನೋಡುವ ನೆಪ, ಗುಡ್ಡ ನೋಡುವ ಆಸೆ. ನಮ್ಮೂರ ಪಕ್ಕದ ಹೆದ್ದಾರಿ 52 ಪಂಜಾಬಿನ ಸಂಗರೂರಿನಿಂದ ಹೊರಟು ಸೋಲಾಪುರ, ವಿಜಯಪುರ, ಹುಬ್ಬಳ್ಳಿ ದಾಟಿ ಅಂಕೋಲೆಯಲ್ಲಿ ಸಮುದ್ರ ಮುಟ್ಟುತ್ತದೆ. ಅದನ್ನೇ ಹಿಡಿದೆವು. ಬಯಲಿನಲ್ಲಿ ಒಂದೇ ಹದಕ್ಕೆ ಓಡಿದ ಗಾಡಿ 22 ತೋರಿಸಿತು. ನಾನು ಹಾಡು ಗುನುಗಿದೆ.

ಯಲ್ಲಾಪುರ ದಾಟಿ ಅರಬೈಲ್ ಘಾಟು ಇಳಿಯತೊಡಗಿದಾಗ ನನ್ನ ಸಂಭ್ರಮ ಹೇಳತೀರದು. ಎಲ್ಲ ಬಾಣಗಳೂ ಹಸಿರು. ಪುಕ್ಕಟೆ ಕರೆಂಟು! ಆದರೆ ಘಾಟು ಅರ್ಧ ಉಳಿದಿರುವಾಗಲೇ ಬ್ಯಾಟರಿ ತುಂಬಿತು. ಮರುಕ್ಷಣ ಇಂಜಿನ್ ತಾನಾಗಿಯೇ ಗುಂಯ್ ಎಂದು ಕೂಗಲು ಹತ್ತಿತು. ಮನೆಯಾಕಿ ಹೌಹಾರಿದಳು. "ರೀ, ಗಾಡಿ ಅಳಾಕತ್ತೈತಿ, ನಿಲ್ಲಸ್ರಿ!"

ಆಮೇಲೆ ಲೆಕ್ಕ ಹಾಕಿದೆ. ಮಂದಿ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಗಾಡಿ 100 ಮೀಟರ್ ಎತ್ತರದಿಂದ ಇಳಿದರೆ ಸಿಗುವ ಶಕ್ತಿ ಸುಮಾರು 0.4 ಯೂನಿಟ್. ದಾರಿಯಲ್ಲಿ ಸೋರಿದ್ದು ಬಿಟ್ಟು ಕಾಲು ಯೂನಿಟ್ ಒಳಗೆ ಸೇರಿದರೆ ಪುಣ್ಯ. ಇಂಥ ಗಾಡಿಗಳ ಬ್ಯಾಟರಿಯೋ, ಎಲ್ಲ ಸೇರಿ ಒಂದು ಯೂನಿಟ್ಟಿನ ಆಸುಪಾಸು. ಬಾಳಿಕೆ ಬರಲೆಂದು ಅದರಲ್ಲೂ ಅರ್ಧದಷ್ಟನ್ನೇ ಬಳಸುತ್ತಾರೆ. ಇನ್ನೂರು ಮೀಟರ್ ಇಳಿದರೆ ಭರ್ತಿ. ಜೋಳದ ರಾಶಿ ಹಗೇವು ತುಂಬುವಷ್ಟು ಬಂದಾಗ ನಾವು ತಂಬಿಗೆ ಹಿಡಿದು ನಿಂತಂತೆ. ತಂಬಿಗೆ ತುಂಬಿದ ಮೇಲೆ ಗಾಡಿ ಇಂಜಿನ್ನನ್ನು ಬರಿದೇ ತಿರುಗಿಸಿ, ಉಳಿದ ಶಕ್ತಿಯನ್ನು ಅಲ್ಲಿ ಕಳೆದು ವೇಗ ಹಿಡಿದಿಡುತ್ತದೆ. ಅಳುವಲ್ಲ ಅದು, ತೇಗು.

ಮಂಗಳೂರಿನ ಗುಡ್ಡಗಳು ಹಾಗಲ್ಲ, ತಂಬಿಗೆಯ ಅಳತೆಯವು. ಹಂಪನಕಟ್ಟೆಯಿಂದ ಬಾವುಟಗುಡ್ಡೆ ಏರು, ಅತ್ತ ಇಳಿ, ಮತ್ತೆ ಕದ್ರಿ ಏರು. ಏರುವಾಗ ಖರ್ಚು, ಇಳಿಯುವಾಗ ಜಮೆ. ಹೈಬ್ರಿಡ್ಡಿಗೆಂದೇ ಕಟ್ಟಿದ ಊರು ಎಂದುಕೊಂಡೆ. ಮೊಮ್ಮಗಳನ್ನು ಶಾಲೆಗೆ ಬಿಡುವ ಕೆಲಸ ನಾನೇ ಕೇಳಿ ತಗೊಂಡೆ. ಹೋಗಿ ಬರುವುದು ಸೇರಿ 2.4 ಕಿಲೋಮೀಟರ್. ಮೊದಲ ದಿನದ ಆವರೇಜ್: 12.

ಕಾರಣ ಹುಡುಕಿದೆ. ಮನೆ ಇಳುಕಲಲ್ಲಿ, ಶಾಲೆ ಗುಡ್ಡದ ಮೇಲೆ. ಬೆಳಗ್ಗೆ ತಣ್ಣಗಿನ ಇಂಜಿನ್ನಿಗೆ ಎದ್ದ ಕೂಡಲೇ ಏರು. ಬರುವಾಗ ಇಳುಕಲು ಕೊಟ್ಟದ್ದನ್ನು ಖರ್ಚು ಮಾಡುವ ಮೊದಲೇ ಗೇಟು ಬಂದಿರುತ್ತದೆ. ಪುಣೆಯ ಎಆರ್‌ಎಐನವರು ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಸುಮಾರು 20 ನಿಮಿಷ ಓಡಿಸಿ, ಆವರೇಜ್ ಬರೆದುಕೊಡುತ್ತಾರೆ. ರೋಲರಿಗೆ ಕದ್ರಿ ಗುಡ್ಡೆ ಗೊತ್ತಿಲ್ಲ, ಮೊಮ್ಮಗಳ ನೀರಿನ ಬಾಟಲಿ ಮರೆತು ಅರ್ಧ ದಾರಿಯಿಂದ ತಿರುಗಿ ಬರುವುದೂ ಗೊತ್ತಿಲ್ಲ.

ಇಲ್ಲಿಂದ ಮುಂದೆ ನನ್ನ ಬುದ್ಧಿ ಕೈಕೊಟ್ಟಿತು. ಇಂಜಿನ್ ಬಿಸಿಯಾಗುವುದೇ ಮುಖ್ಯವಾದರೆ ಬಿಸಿ ಮಾಡಿದರಾಯಿತು! ಮೊಮ್ಮಗಳನ್ನು ಬಿಟ್ಟ ಮೇಲೆ ಸೀದಾ ಮನೆಗೆ ಬರದೆ ಊರು ಸುತ್ತಿ ಬರತೊಡಗಿದೆ. ನಾಲ್ಕೇ ದಿನದಲ್ಲಿ ಒಂದು ಸುತ್ತಿಗೆ 10 ಕಿಲೋಮೀಟರ್, ಆವರೇಜ್ 19. ನೋಟ್‌ಬುಕ್ಕಿನ ಷರಾ ಕಾಲಮ್ಮಿನಲ್ಲಿ "ಉತ್ತಮ" ಎಂದು ಬರೆದು ಕೆಳಗೆ ಗೆರೆ ಎಳೆದೆ. ಪಕ್ಕದ ಮನೆಯವರು ದಿನಾ ನೋಡಿ ನೋಡಿ ಒಮ್ಮೆ ಕೇಳಿಯೇಬಿಟ್ಟರು: "ಎಂತ ಸಾರ್, ಇಲ್ಲಿಯೇ ಅಲ್ವಾ ಶಾಲೆ? ನಡ್ದೇ ಹೋಗಬಹುದಲ್ಲ ಮಾರಾಯ್ರೆ?" ಅವರಿಗೆ ವಿಜ್ಞಾನ ತಿಳಿಯದೆಂದು ನಕ್ಕೆ.

ನೋಟ್‌ಬುಕ್ ಮನೆಯಾಕಿಯ ಕೈಗೆ ಸಿಕ್ಕಿತು. ಹಾಲಿನ ಲೆಕ್ಕದಲ್ಲಿ ಪಳಗಿದ ಕೈ ಅದು.

"ಆವರೇಜ್ ಹನ್ನೆರಡ ಇದ್ದಾಗ ದಿನಕ್ಕ ಎಷ್ಟ ಪೆಟ್ರೋಲ್ ಹೋಗತಿತ್ತು?"

"ಇನ್ನೂರು ಮಿಲಿ."

"ಈಗ ಹತ್ತೊಂಬತ್ತ ಆಗೈತೆಲ್ಲ, ಈಗೆಷ್ಟು?"

ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡಿದೆ. ಮಾಡಬಾರದಿತ್ತು. "ಅರ್ಧ ಲೀಟರಿನ ಮ್ಯಾಲ."

"ಹಂಗಾರ ಹತ್ತು ಮಂದಿಗಿ ಆಗೂ ಚಾ ಚೆಲ್ಲಿ, ಕಪ್ಪ ದೊಡ್ಡದೈತಿ ಅಂತ ಖುಷಿ ಪಟ್ಟಂಗಾತು" ಎಂದು ಪುಸ್ತಕ ಮುಚ್ಚಿದಳು. ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು ಎಂದು 34 ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ವ್ಯರ್ಥ ಮಾಡಲು ಬೇಕಾದಷ್ಟು ದಾರಿಯಿದೆ ಎಂದು ಯಾರೂ ಸಿಲೆಬಸ್ಸಿನಲ್ಲಿ ಹಾಕಿರಲಿಲ್ಲ. ಮರುದಿನದಿಂದ ಮೊಮ್ಮಗಳ ಕೈಹಿಡಿದು ನಡೆದೇ ಹೋದೆ. ಗುಡ್ಡ ಏರುವಾಗ ನನ್ನ ಇಂಜಿನ್ನಿಗೂ ಬಿಸಿಯಾಗಲು ಹೊತ್ತು ಬೇಕೆಂದು ಗೊತ್ತಾಯಿತು. ಇಳಿಯುವಾಗ ಮೊಣಕಾಲು ಏನನ್ನೂ ಜಮೆ ಮಾಡುವುದಿಲ್ಲವೆಂದೂ.

ಘೋಣಸಗಿಗೆ ತಿರುಗಿ ಬಂದ ಮುಂಜಾನೆ ಅವ್ವ ರೊಟ್ಟಿಗೆ ಕುಳಿತಿದ್ದಳು. ತೊಗರಿಕಟ್ಟಿಗೆ ಚಟಚಟ ಉರಿಯುತ್ತಿತ್ತು. ನಾನು ಹಸಿದಿದ್ದೆ. "ಅವ್ವಾ, ಲಗೂನ ಒಂದ ರೊಟ್ಟಿ ಕೊಡು" ಎಂದೆ.

"ತಡಿ. ಹಂಚ ಇನ್ನಾ ಕಾದಿಲ್ಲ." ಬಡಿದ ಮೊದಲ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅದು ಉಬ್ಬಲಿಲ್ಲ, ಹಂಚಿಗೆ ಅಂಟಿಕೊಂಡು ಅರೆಬೆಂದಿತು. ಅದನ್ನು ತೆಗೆದು ಎಮ್ಮೆಯ ಪಾಲಿಗೆ ಬದಿಗಿಟ್ಟಳು. ಎರಡನೆಯದಕ್ಕೆ ಇನ್ನೊಂದು ಹಿಡಿ ಕಟ್ಟಿಗೆ ಒಟ್ಟಿದಳು. ನಾಲ್ಕನೆಯದರಿಂದ ಮುಂದೆ ಒಲೆಗೆ ಕೈಯನ್ನೇ ಹಚ್ಚಲಿಲ್ಲ. ಹಂಚು ತಾನೇ ಉಬ್ಬಿಸಿ ಉಬ್ಬಿಸಿ ಕೊಟ್ಟಿತು. ಕೊನೆಯ ಎರಡಂತೂ ಬರೀ ಕೆಂಡದ ಮೇಲೆ.

"ಒಂದ ರೊಟ್ಟಿಗಿ ಒಲಿ ಹಚ್ಚಬಾರದೋ ತಮ್ಮಾ" ಎಂದಳು, ನಾನೇನೂ ಕೇಳದೆಯೇ. "ಹಚ್ಚಿದ ಮ್ಯಾಗ ಮನಿಮಂದೀದೆಲ್ಲಾ ಬಡದ ಮುಗಸಬೇಕು."

ಅಳಿಯಂದಿರು ಮುನ್ನೂರು ಡಿಗ್ರಿ ಎಂದು ಹೇಳಿದ್ದು, ನಾನು ನೋಟ್‌ಬುಕ್ಕಿನ ತುಂಬ ಗೀಚಿದ್ದು ಎಲ್ಲ ಆ ಅರೆಬೆಂದ ರೊಟ್ಟಿಯಲ್ಲಿತ್ತು.

ಸಂತೆಯ ದಿನ ತಿಕೋಟಾಕ್ಕೆ ಹೊರಟೆ. ಒಬ್ಬನೇ ಅಲ್ಲ. ಅವ್ವ ವಾರದಿಂದ ಕೂಡಿಸಿಟ್ಟ ಕೆಲಸಗಳಿದ್ದವು: ಬಿಪಿ ಗುಳಿಗಿ, ಸುಟ್ಟ ಸ್ಟಾರ್ಟರ್ ರಿಪೇರಿ, ಬ್ಯಾಂಕಿನ ಪಾಸ್‌ಬುಕ್, ಮನೆಯಾಕಿಯ ಕನ್ನಡಕ. ಕಟ್ಟೆಯಿಂದ ಕಾಕಾ ಒಬ್ಬರು, ಜೊತೆಗೆ ಅವರ ಮೊಮ್ಮಗ. ಒಟ್ಟು ಐದು ಮಂದಿ, ಡಿಕ್ಕಿಯಲ್ಲಿ ಒಂದು ಚೀಲ ಒಣದ್ರಾಕ್ಷಿ. ಮಡ್ಡಿಯ ಏರಿಳಿತದಲ್ಲಿ, ಎಸಿ ಹಾಕಿಕೊಂಡು, ಹಂಪುಗಳಿಗೆ ವಿಶೇಷ ಮರ್ಯಾದೆ ತೋರಿಸದೆ ಓಡಿಸಿದೆ. ತಿರುಗಿ ಬಂದು ನಿಲ್ಲಿಸಿದಾಗ ಕಾಕಾ ಹಿಂದಿನ ಸೀಟಿನಿಂದ ಬಗ್ಗಿ ಪರದೆ ನೋಡಿದರು.

"ಹದಿನೇಳ ತೋರಸತೈತಲ್ಲೋ ಮಾಸ್ತರ. ಇಪ್ಪತ್ತೈದು ಅಂದಿದ್ದಿ?"

ನಾನು ಭಾರ, ಎಸಿ, ಏರು ಎಂದು ಸಮಜಾಯಿಷಿ ಶುರು ಮಾಡಿದೆ. ಕಾಕಾ ಕೇಳಲಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟರೂ ಮಗ್ಗಿ ಬಿಡದ ಮನುಷ್ಯ. ಬೆರಳು ಮಡಚಿ ಹೇಳಿದರು: "ಐದ ಮಂದಿ ಹೋಗಿ ಬಂದೀವಿ. ಹದಿನೇಳೈದಲೆ ಎಂಬತ್ತೈದು. ಮಂದಿ ಲೆಕ್ಕದಾಗ ಎಂಬತ್ತೈದ ಕೊಟ್ಟೈತಿ ನಿನ್ನ ಗಾಡಿ!"

ಅವ್ವ ಗುಳಿಗೆಯ ಚೀಟಿ ಸೆರಗಿಗೆ ಕಟ್ಟಿಕೊಳ್ಳುತ್ತ ಮೆಲ್ಲಗೆ ಇಳಿದಳು.

"ಹೈಬ್ರೀಡ ಅಲ್ಲೇನು?" ಎಂದಳು. "ಇಳುವರಿ ಇದ್ದ ಇರತೈತಿ."