ಅಡುಗೆಮನೆಗೆ ಬಂದ ಬ್ರಾಡ್‌ವೇ

ಮ್ಯೂಸಿಕಲ್ ಎಂದರೆ ಮೂಗು ಮುರಿಯುವವರದು ಒಂದೇ ತಕರಾರು. ನೆಟ್ಟಗೆ ಮಾತಾಡಿಕೊಂಡಿದ್ದ ಮನುಷ್ಯ ಇದ್ದಕ್ಕಿದ್ದ ಹಾಗೆ ಹಾಡೋದು ಯಾಕೆ? ಬೀದಿಯಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದವರೆಲ್ಲ ಅವನ ಜೊತೆ ಹೆಜ್ಜೆ ತಪ್ಪದೆ ಕುಣಿಯೋದು ಯಾಕೆ? ನನ್ನ ಸ್ನೇಹಿತರಲ್ಲಿ ಕೆಲವರು ಇದನ್ನು ಬಹಳ ಗಂಭೀರವಾಗಿ ಕೇಳುತ್ತಾರೆ. ಇದೇ ಮಹನೀಯರು ಕಂಪನಿ ನಾಟಕದ ಮಾತು ಬಂದರೆ, ಬಾಣ ತಾಗಿ ಸತ್ತು ಬಿದ್ದ ಅಭಿಮನ್ಯು ಜನ ‘ಒನ್ಸ್‌ಮೋರ್’ ಎಂದ ಕೂಡಲೇ ಎದ್ದು ಕೂತು ಹಾಡಿ, ಮತ್ತೆ ಸತ್ತ ಕಥೆಯನ್ನು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು ಹೇಳುತ್ತಾರೆ. ಗುಬ್ಬಿ ಕಂಪನಿ ಓಡಾಡಿದ ನಾಡಿನವರಿಗೆ ಆ ತಕರಾರು ಒಪ್ಪುವುದಿಲ್ಲ. ನಮ್ಮ ಪ್ರಶ್ನೆ ಉಲ್ಟಾ ಇರಬೇಕು: ಅಷ್ಟು ಚೆನ್ನಾಗಿ ಹಾಡುತ್ತಿದ್ದವರು ನಡುವೆ ನಿಲ್ಲಿಸಿ ಮಾತಾಡೋದು ಯಾಕೆ?

ಇದಕ್ಕೆ ಅಮೆರಿಕದವರೇ ಒಂದು ಪರಿಹಾರ ಮಾಡಿಟ್ಟಿದ್ದಾರೆ. ಅದರ ಹೆಸರು ಕಾಸ್ಟ್ ಆಲ್ಬಂ. ನಾಟಕ ರಂಗಕ್ಕೆ ಬಂದ ಮೇಲೆ ಸಿಗುವ ಮೊದಲ ಭಾನುವಾರ, ಆಟಕ್ಕೆ ರಜೆ ಇರುವ ದಿನ, ನಟನಟಿಯರನ್ನೂ ವಾದ್ಯದವರನ್ನೂ ಸ್ಟುಡಿಯೋದೊಳಗೆ ಕೂಡಿಹಾಕಿ, ಬೆಳಗಿನಿಂದ ರಾತ್ರಿಯವರೆಗೆ ಹಾಡಿಸಿ, ಒಂದೇ ದಿನಕ್ಕೆ ರೆಕಾರ್ಡಿಂಗ್ ಮುಗಿಸುವುದು ಹಳೆಯ ಪದ್ಧತಿ. ಮಾತಿಗೆಲ್ಲ ಕತ್ತರಿ. ಉಳಿಯುವುದು ಮುಕ್ಕಾಲು ಗಂಟೆಯ ಹಾಡು. ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಗಿ, ಡಾಲರಿನಲ್ಲಿ ಟಿಕೆಟ್ ಕೊಂಡು, ಯಾರದೋ ಎತ್ತರದ ತಲೆಯ ಹಿಂದೆ ಕೂತು ನೋಡುವ ಯೋಗ ನನ್ನ ಜಾತಕದಲ್ಲಿಲ್ಲ. ಆದರೆ ಫೋನಿನಲ್ಲಿ ಈಗ ಎಲ್ಲವೂ ಸಿಗುತ್ತದೆ. ನಿವೃತ್ತನಾದ ಮೇಲೆ ಹಳೆಯ ಮ್ಯೂಸಿಕಲ್‌ಗಳನ್ನು ವರ್ಷದ ಕ್ರಮದಲ್ಲಿ ಕೇಳುತ್ತ ಹೊರಟೆ. ಇಯರ್‌ಫೋನ್ ಹಾಕಿಕೊಂಡರೆ ಕುಕ್ಕರ್ ಕೂಗಿದ್ದು ನನಗೆ ಕೇಳುವುದಿಲ್ಲವೆಂದು ಮನೆಯಲ್ಲಿ ಅದಕ್ಕೆ ನಿಷೇಧ. ಹಾಗಾಗಿ ಬ್ರಾಡ್‌ವೇ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಯ ಪಕ್ಕ ಬಂದು ಕೂತಿತು. ಕೇಳುಗರು ಮೂವರು: ನಾನು, ನನ್ನ ಹೆಂಡತಿ, ಅವರೆಕಾಳು ಬಿಡಿಸುವ ಅಮ್ಮ.

ಶುರುವಾಗಿದ್ದು 1927ರ ‘ಶೋ ಬೋಟ್’ನಿಂದ. ಜೆರೋಮ್ ಕರ್ನ್ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಸಾಹಿತ್ಯ. ಅದರಲ್ಲಿ ಹಡಗುಕಟ್ಟೆಯ ಕರಿಯ ಕೂಲಿಯೊಬ್ಬ ಮಿಸಿಸಿಪ್ಪಿ ನದಿಯನ್ನು ಕುರಿತು ಹಾಡುತ್ತಾನೆ. ಪಾಲ್ ರಾಬ್ಸನ್ನರ ಕಂಠದಲ್ಲಿ ಅದನ್ನು ಕೇಳಿದರೆ ಕಟ್ಟೆಯ ಮೇಲಿನ ಸ್ಟೀಲ್ ಲೋಟಗಳೂ ಸಣ್ಣಗೆ ನಡುಗುತ್ತವೆ. ಹೆಂಡತಿ ಸೌಟು ಹಿಡಿದುಕೊಂಡೇ ನಿಂತು, “ಯಾಕೋ ಭೂಪೇನ್ ಹಜಾರಿಕಾ ನೆನಪಾಗ್ತಾರೆ ಕಣ್ರೀ” ಎಂದಳು. ಅವಳ ಕಿವಿ ಸುಳ್ಳು ಹೇಳುವುದಿಲ್ಲ. ಹಜಾರಿಕಾ ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ರಾಬ್ಸನ್ನರ ಪರಿಚಯವಾಗಿ, ಆ ಹಾಡಿನ ಪ್ರೇರಣೆಯಿಂದಲೇ ತಮ್ಮ ನದಿಯ ಹಾಡು ಕಟ್ಟಿದ್ದು. ಮಿಸಿಸಿಪ್ಪಿ ಮೊದಲು ಬ್ರಹ್ಮಪುತ್ರೆಯಾಗಿ, ಹಿಂದಿಗೆ ಬರುವಾಗ ಗಂಗೆಯಾಯಿತು.

1943ರ ‘ಓಕ್ಲಹೋಮಾ!’ದಿಂದ ಹೊಸ ಯುಗ ಶುರುವೆಂದು ಬಲ್ಲವರೆಲ್ಲ ಹೇಳುತ್ತಾರೆ. ಸಂಗೀತ ರಿಚರ್ಡ್ ರಾಜರ್ಸ್, ಸಾಹಿತ್ಯ ಮತ್ತೆ ಹ್ಯಾಮರ್‌ಸ್ಟೈನ್. ಅದುವರೆಗೆ ಪರದೆ ಎದ್ದ ಕೂಡಲೇ ಸಾಲು ಹುಡುಗಿಯರು ಕಾಲೆತ್ತಿ ಕುಣಿಯಬೇಕಿತ್ತು. ಇಲ್ಲಿ ಪರದೆ ಎದ್ದರೆ ವಯಸ್ಸಾದ ಹೆಂಗಸೊಬ್ಬಳು ಒಂಟಿಯಾಗಿ ಕೂತು ಬೆಣ್ಣೆ ಕಡೆಯುತ್ತಿರುತ್ತಾಳೆ. ನಾಯಕನ ಹಾಡು ಒಳಗಿನಿಂದ, ಕಣ್ಣಿಗೆ ಬೀಳುವ ಮೊದಲೇ ಕೇಳಿಬರುತ್ತದೆ. ನಾನು ಇದರ ಕ್ರಾಂತಿಕಾರಿ ಮಹತ್ವವನ್ನು ವಿವರಿಸುತ್ತಿದ್ದೆ. ಅಮ್ಮ ಕಾಳಿನಿಂದ ತಲೆಯೆತ್ತದೆ, “ಬೆಣ್ಣೆ ಬಂತಾ?” ಎಂದು ಕೇಳಿದರು. ಈ ಬಗ್ಗೆ ವಿಮರ್ಶಕರು ಯಾರೂ ಏನೂ ಬರೆದ ಹಾಗಿಲ್ಲ.

ಕಥೆಯೋ, ಊರಿನ ಕೂಟಕ್ಕೆ ಹುಡುಗಿಯನ್ನು ಯಾರು ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕು ಅನ್ನೋದು. ಅಷ್ಟಕ್ಕೇ 2,212 ಪ್ರಯೋಗ. ಊರಿನಲ್ಲಿ ಶಾಲೆಗಾಗಿ ಹಣ ಎತ್ತಬೇಕು, ಅದಕ್ಕೆ ಹುಡುಗಿಯರು ಕಟ್ಟಿ ತಂದ ಬುತ್ತಿಗಳ ಹರಾಜು. ಬುತ್ತಿ ಕೊಂಡವನಿಗೆ ಕಟ್ಟಿದವಳ ಜೊತೆ ಕೂತು ತಿನ್ನುವ ಹಕ್ಕು. ನಾಯಕ ಕರ್ಲಿ ಒಂದು ಬುತ್ತಿಗಾಗಿ ತನ್ನ ಜೀನು, ಕುದುರೆ, ಕೊನೆಗೆ ಬಂದೂಕನ್ನೂ ಮಾರಿಬಿಡುತ್ತಾನೆ. “ಅಷ್ಟು ದುಡ್ಡು ಕೊಟ್ಟು ಕೊಂಡಿದ್ದರಲ್ಲಿ ಏನಿತ್ತಂತೆ?” ಎಂದು ಹೆಂಡತಿ ಕೇಳಿದಳು. ಕಾಸ್ಟ್ ಆಲ್ಬಂನ ದೊಡ್ಡ ಕೊರತೆ ಇಂಥದ್ದೇ: ಪ್ರೀತಿ ಪ್ರೇಮವೆಲ್ಲ ತಿಳಿಯುತ್ತದೆ, ಬುತ್ತಿಯಲ್ಲಿ ಏನಿತ್ತೆಂದು ತಿಳಿಯುವುದಿಲ್ಲ.

ಇದಕ್ಕಿಂತ ಸೊಗಸಾದ್ದು ಇನ್ನೊಂದಿದೆ. ಜಡ್ ಎಂಬ ಪ್ರತಿಸ್ಪರ್ಧಿಯ ಗುಡಿಸಲಿಗೆ ಕರ್ಲಿ ನೇರವಾಗಿ ಹೋಗಿ, ನೀನು ನೇಣು ಹಾಕಿಕೊಂಡರೆ ಊರಿನವರೆಲ್ಲ ನಿನ್ನ ಹೆಣದ ಸುತ್ತ ಕೂತು ಎಷ್ಟು ಚೆನ್ನಾಗಿ ಅಳುತ್ತಾರೆ ಗೊತ್ತೇ ಎಂದು ವರ್ಣಿಸುತ್ತಾನೆ. ಜಡ್ ಕೋಪ ಮಾಡಿಕೊಳ್ಳಬೇಕಿತ್ತಷ್ಟೆ? ಇಲ್ಲ. ತನ್ನ ಹೊಗಳಿಕೆ ಕೇಳಿ ಕರಗಿ, ತಾನೂ ದನಿಗೂಡಿಸುತ್ತಾನೆ. ಬದುಕಿದ್ದಾಗ ಯಾರೂ ಆಡದ ಒಳ್ಳೆಯ ಮಾತನ್ನು ಸತ್ತ ಮೇಲಾದರೂ ಆಡುತ್ತಾರೆಂಬ ಆಸೆ ಅವನಿಗೆ. ನಗುತ್ತ ಕೇಳಿದೆ, ಆಮೇಲೆ ನಕ್ಕಿದ್ದಕ್ಕೆ ಸ್ವಲ್ಪ ಕಸಿವಿಸಿಯಾಯಿತು. ನಾಟಕದ ಕೊನೆಯಲ್ಲಿ ಅವನು ಸತ್ತೂ ಸಾಯುತ್ತಾನೆ, ಹೊಡೆದಾಟದಲ್ಲಿ ತನ್ನ ಚಾಕುವಿನ ಮೇಲೆ ತಾನೇ ಬಿದ್ದು. ಹೊಸ ಮದುಮಕ್ಕಳ ಪ್ರಯಾಣ ತಪ್ಪಬಾರದೆಂದು ಊರಿನವರು ಅಂಗಳದಲ್ಲೇ ವಿಚಾರಣೆ ನಡೆಸಿ ಕರ್ಲಿಯನ್ನು ಬಿಟ್ಟುಬಿಡುತ್ತಾರೆ. ನಮ್ಮ ಕೋರ್ಟುಗಳ ವಾಯಿದೆ ಕಂಡವರು ಇದನ್ನು ಕೇಳಿ ನಿಟ್ಟುಸಿರು ಬಿಡಬೇಕು.

1945ರ ‘ಕರೌಸೆಲ್’ನ ಒಂದು ಹಾಡು ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಭಿಮಾನಿಗಳ ಪಾಲಾಗಿದೆ. ಈಗ ಅದನ್ನು ನಾಟಕದ್ದೆಂದರೆ ಪಕ್ಕದ ಬೀದಿಯ ಹುಡುಗರು ನಂಬುವುದಿಲ್ಲ. ಕೋಲ್ ಪೋರ್ಟರನ ‘ಕಿಸ್ ಮಿ, ಕೇಟ್’ 1948ರದು. ಗಯ್ಯಾಳಿಯನ್ನು ಪಳಗಿಸುವ ಶೇಕ್ಸ್‌ಪಿಯರನ ಕಥೆ. ಅದೇ ಬೀಜದಿಂದ ನಮ್ಮಲ್ಲಿ ‘ನಂಜುಂಡಿ ಕಲ್ಯಾಣ’ ಹುಟ್ಟಿದ್ದರಿಂದ ಮಾಲಾಶ್ರೀಯನ್ನು ಬಲ್ಲ ನಮಗೆ ಅಲ್ಲಿನ ಕೇಟ್ ತೀರಾ ಸಾಧು ಅನ್ನಿಸಿದಳು.

‘ಮೈ ಫೇರ್ ಲೇಡಿ’ಯ ವಿಷಯ ಬೇರೆ. ಬರ್ನಾರ್ಡ್ ಷಾನ ‘ಪಿಗ್ಮೇಲಿಯನ್’ ಆಧರಿಸಿ ಲರ್ನರ್ ಮತ್ತು ಲೋ ಕಟ್ಟಿದ್ದು, 1956ರಲ್ಲಿ. ಹೂ ಮಾರುವ ಹುಡುಗಿಗೆ ಶುದ್ಧ ಉಚ್ಚಾರಣೆ ಕಲಿಸುವ ಪ್ರೊಫೆಸರನ ಪಾತ್ರಕ್ಕೆ ರೆಕ್ಸ್ ಹ್ಯಾರಿಸನ್ ಎಂಬ ಹಾಡಲು ಬಾರದ ನಟನನ್ನು ಹಾಕಿಕೊಂಡರು. ಆತ ಮಾಡಿದ ಉಪಾಯ ನೋಡಿ: ಪಂಚೆ ಎತ್ತಿಕಟ್ಟಿ, ನೀರಿಗೆ ಇಳಿಯದೆ, ದಡದ ಮೇಲೇ ಹೊಳೆಯುದ್ದಕ್ಕೂ ನಡೆದು ಹೋದವನ ಹಾಗೆ ಹಾಡಿನ ಅಂಚಿನಲ್ಲೇ ಮಾತಾಡಿಕೊಂಡು ಹೋಗಿಬಿಟ್ಟ. ತಾಳ ತಪ್ಪುವುದಿಲ್ಲ, ಶ್ರುತಿಯ ಗೊಡವೆಯೇ ಇಲ್ಲ. ಎದುರಿಗೆ ಇಪ್ಪತ್ತರ ಜೂಲಿ ಆಂಡ್ರ್ಯೂಸ್, ಗಾಜಿನಂಥ ಕಂಠ. ಆಕೆಯನ್ನು ಬಿಟ್ಟು 1964ರ ಸಿನಿಮಾಕ್ಕೆ ಆಡ್ರಿ ಹೆಪ್‌ಬರ್ನ್ ಬಂದಳು, ಅವಳ ಹಾಡುಗಳನ್ನು ಬಹುಪಾಲು ಮರೆಯಲ್ಲಿ ನಿಂತು ಹಾಡಿದ್ದು ಮಾರ್ನಿ ನಿಕ್ಸನ್. ‘ದ ಕಿಂಗ್ ಆ್ಯಂಡ್ ಐ’ ಚಿತ್ರದಲ್ಲಿ ಡೆಬೊರಾ ಕರ್‌ಗೂ, ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೂ ಈಕೆಯದೇ ದನಿ. ಯಾವುದರಲ್ಲೂ ಹೆಸರು ಹಾಕಲಿಲ್ಲ. ಹಾಲಿವುಡ್ಡಿಗೆ ಅದೊಂದು ಬಚ್ಚಿಡಬೇಕಾದ ಸಂಗತಿ. ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ರಾಜ್‌ಕುಮಾರ್ ಅಭಿನಯಿಸಿದರೆಂದು ಇಬ್ಬರನ್ನೂ ಎದೆಗೊತ್ತಿಕೊಂಡ ಜನ ನಾವು. ನಮ್ಮಮ್ಮನಿಗಂತೂ ಈ ಗುಟ್ಟು ಯಾಕೆ ಗುಟ್ಟೆಂಬುದೇ ಕೊನೆಗೂ ಅರ್ಥವಾಗಲಿಲ್ಲ.

1957ರಲ್ಲಿ ಎರಡು ನಾಟಕ ಬಂದವು, ಅವುಗಳ ಜಗಳ ನಮ್ಮ ಮನೆಗೂ ಬಂತು. ಒಂದು ‘ವೆಸ್ಟ್ ಸೈಡ್ ಸ್ಟೋರಿ’. ರೋಮಿಯೋ ಜೂಲಿಯೆಟ್ಟರ ಕಥೆಯನ್ನು ನ್ಯೂಯಾರ್ಕಿನ ಗಲ್ಲಿ ಹುಡುಗರ ನಡುವೆ ತಂದಿಟ್ಟದ್ದು, ಲೆನರ್ಡ್ ಬರ್ನ್‌ಸ್ಟೈನ್ ಸಂಗೀತ. ನಾಯಕ ನಾಯಕಿಯ ಹೆಸರು ಹಿಡಿದು ಹಾಡುವಾಗ ಮೊದಲ ಜಿಗಿತ ಷಡ್ಜದಿಂದ ಪ್ರತಿಮಧ್ಯಮಕ್ಕೆ, ಅಲ್ಲಿಂದ ಪಂಚಮಕ್ಕೆ. ಪಾಶ್ಚಾತ್ಯರು ಆ ಅಂತರಕ್ಕೆ ಸೈತಾನನ ಹೆಸರಿಟ್ಟು ಹೆದರಿದವರು. ಮೆಟ್ಟಿಲಿಳಿಯುತ್ತಿದ್ದ ಮೇಲಿನ ಮನೆಯ ವೀಣೆ ಟೀಚರ್ ಕಿಟಕಿಯಲ್ಲಿ ಇಣುಕಿ, “ಏನ್ ಸಾರ್, ಕಲ್ಯಾಣಿ ಕೇಳ್ತಿದೀರಾ?” ಎಂದರು. ಅವರ ಸೈತಾನ ನಮ್ಮಲ್ಲಿ ಮಂಗಳಕರ.

ಇನ್ನೊಂದು, ಮೆರೆಡಿತ್ ವಿಲ್ಸನ್ ಬರೆದ ‘ದ ಮ್ಯೂಸಿಕ್ ಮ್ಯಾನ್’. ಅದರ ಮೊದಲ ಹಾಡಿನಲ್ಲಿ ರಾಗವೂ ಇಲ್ಲ, ವಾದ್ಯವೂ ಇಲ್ಲ. ರೈಲಿನಲ್ಲಿ ಕೂತ ವ್ಯಾಪಾರಿಗಳು ಸಾಲ, ನಗದು ಎಂದು ಹರಟುತ್ತಾರೆ, ಹರಟೆ ರೈಲಿನ ಗತಿಗೆ ಬಿದ್ದು, ಬಂಡಿ ವೇಗ ಹಿಡಿದ ಹಾಗೆ ಕಾಲ ಏರಿಸಿ, ನಿಲ್ದಾಣ ಬಂದಾಗ ಇಳಿಯುತ್ತದೆ. ಪಕ್ಕಾ ಕೊನ್ನಕ್ಕೋಲ್. ಟೀಚರ್ ಮಾರ್ಕೆಟ್ಟಿಗೆ ಹೋಗುವುದು ಬಿಟ್ಟು ಒಳಗೆ ಬಂದು, ತೊಡೆ ತಟ್ಟಿಕೊಂಡು, ಎರಡನೇ ಸಲ ಹಾಕಿಸಿ ಕೇಳಿದರು. ಆ ಸಲದ ಅತ್ಯುತ್ತಮ ಮ್ಯೂಸಿಕಲ್ ಟೋನಿ ಪ್ರಶಸ್ತಿ ‘ವೆಸ್ಟ್ ಸೈಡ್ ಸ್ಟೋರಿ’ಗೆ ಸಿಗಲಿಲ್ಲ, ‘ಮ್ಯೂಸಿಕ್ ಮ್ಯಾನ್’ಗೆ ಸಿಕ್ಕಿತು. ಪಂಡಿತರು ಇದನ್ನು ಇಂದಿಗೂ ಅನ್ಯಾಯವೆನ್ನುತ್ತಾರೆ. ರೈಲಿನ ಹಾಡೊಂದಕ್ಕೇ ಕೊಡಬಹುದಿತ್ತು ಎಂಬುದು ನಮ್ಮ ಅಡುಗೆಮನೆಯ ತೀರ್ಪು.

‘ದ ಸೌಂಡ್ ಆಫ್ ಮ್ಯೂಸಿಕ್’ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಿನಿಮಾ ನೋಡದವರು ಯಾರು? ಅದೇ ತೊಂದರೆ. ಸಿನಿಮಾದಲ್ಲಿ ಗುಡುಗಿಗೆ ಹೆದರಿದ ಮಕ್ಕಳನ್ನು ಹಾಸಿಗೆಯ ಮೇಲೆ ಕೂರಿಸಿ ಹಾಡುವ ಇಷ್ಟವಸ್ತುಗಳ ಹಾಡನ್ನು 1959ರ ನಾಟಕದಲ್ಲಿ ಮಠದೊಳಗೆ ಹಿರಿಯ ಸನ್ಯಾಸಿನಿಯ ಜೊತೆ ಹಾಡಿಸಿದ್ದಾರೆ. ಗುಡುಗಿನ ಹೊತ್ತಿಗೆ ಆಡು ಕಾಯುವವನ ಹಾಡು. ಇದು ಮೂಲ, ಸಿನಿಮಾದ್ದು ಬದಲಾವಣೆ ಎಂದು ಎಷ್ಟು ಹೇಳಿದರೂ ಮನೆಯವರು ಒಪ್ಪಲಿಲ್ಲ.

ಆಮೇಲೆ 1964ರ ‘ಫಿಡ್ಲರ್ ಆನ್ ದ ರೂಫ್’. ರಷ್ಯಾದ ಅನಾತೆವ್ಕ ಎಂಬ ಹಳ್ಳಿ, ಹಾಲು ಮಾರುವ ಬಡ ಯಹೂದಿ ತೇವ್ಯ, ಅವನಿಗೆ ಐವರು ಹೆಣ್ಣುಮಕ್ಕಳು, ಒಂದು ಕುಂಟು ಕುದುರೆ. ಶೋಲೆಮ್ ಅಲೈಖೆಮ್ ಕಥೆಗಳಿಂದ ಹುಟ್ಟಿದ ನಾಟಕ. ಐದು ಹೆಣ್ಣು ಎಂದಾಗಲೇ ಅಮ್ಮ ಅವರೆಕಾಯಿ ಬದಿಗೆ ಸರಿಸಿದರು. ಮದುವೆ ದಲ್ಲಾಳಿ ಮುದುಕಿ, ವಯಸ್ಸಾದ ಆದರೆ ದುಡ್ಡಿರುವ ವಿಧುರ ವರ, ದರ್ಜಿ ಹುಡುಗನನ್ನು ಮೆಚ್ಚಿಕೊಂಡ ಹಿರಿಮಗಳು. ಇದರಲ್ಲಿ ಅಮ್ಮನಿಗೆ ವಿವರಿಸಬೇಕಾದ್ದು ಒಂದೂ ಇರಲಿಲ್ಲ, ಬದಲಿಗೆ ಅವರೇ ನನಗೆ ಮುಂದಿನ ಕಥೆ ಹೇಳಿದರು. ಮುದುಕನಿಗೆ ಮಾತು ಕೊಟ್ಟುಬಿಟ್ಟ ತೇವ್ಯ ಹೆಂಡತಿಯನ್ನು ಒಪ್ಪಿಸಲು ಕೆಟ್ಟ ಕನಸು ಬಿತ್ತೆಂದು ಕಥೆ ಕಟ್ಟುತ್ತಾನೆ: ಸತ್ತ ಅಜ್ಜಿ ಬಂದು ದರ್ಜಿಯೇ ಅಳಿಯ ಎಂದಳು, ಮುದುಕನ ಸತ್ತ ಹೆಂಡತಿ ಬಂದು ಮಗಳ ಕತ್ತು ಹಿಸುಕುತ್ತೇನೆ ಎಂದಳು. “ನಿಮ್ಮಜ್ಜ ಇದನ್ನೇ ಮಾಡಿದ್ದು, ದೇವರು ಮೈಮೇಲೆ ಬಂತು ಅಂತ” ಎಂದರು ಅಮ್ಮ. ಈ ವಿಷಯ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಟೋಕಿಯೋದಲ್ಲಿ ಆಡಿದಾಗ ಅಲ್ಲಿನ ನಿರ್ಮಾಪಕ, ಇದು ಅಮೆರಿಕದವರಿಗೆ ಹೇಗೆ ಅರ್ಥವಾಯಿತು, ಇಷ್ಟು ಜಪಾನೀ ಕಥೆ ಎಂದು ನಾಟಕಕಾರ ಜೋಸೆಫ್ ಸ್ಟೈನ್‌ರನ್ನು ಕೇಳಿದನಂತೆ. ಆತ ನಮ್ಮಮ್ಮನನ್ನು ಕಂಡಿದ್ದರೆ ಸುಮ್ಮನಾಗುತ್ತಿದ್ದ.

ಅದರಲ್ಲೇ, ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ತೇವ್ಯ ಹೆಂಡತಿ ಗೋಲ್ಡೆಯನ್ನು ನನ್ನ ಮೇಲೆ ಪ್ರೀತಿ ಇದೆಯೇ ಎಂದು ಕೇಳುತ್ತಾನೆ. ಅವಳು ಅಜೀರ್ಣವಾಗಿದ್ದರೆ ಮಲಗು ಎಂಬ ಧಾಟಿಯಲ್ಲಿ ಉತ್ತರಿಸಿ, ಬಟ್ಟೆ ಒಗೆದದ್ದು, ಅಡುಗೆ ಮಾಡಿದ್ದು, ಹಸು ಕರೆದದ್ದನ್ನೆಲ್ಲ ಪಟ್ಟಿ ಒಪ್ಪಿಸುತ್ತಾಳೆ. ಹಾಡು ಮುಗಿದ ಮೇಲೆ ನಾನೂ ಧೈರ್ಯ ಮಾಡಿ ಹೆಂಡತಿಯ ಕಡೆ ತಿರುಗಿದೆ. ಬಾಯಿ ತೆರೆಯುವ ಮೊದಲೇ, “ಸಿಲಿಂಡರ್ ಬುಕ್ ಮಾಡಿದ್ರಾ?” ಎಂದಳು. ಮಾಡಿದ್ದೆ. “ಸರಿ” ಎಂದಳು. ಗೋಲ್ಡೆ ಹೇಳಿದ್ದೂ ಹೆಚ್ಚುಕಮ್ಮಿ ಇಷ್ಟೇ.

ಹ್ಯಾಮರ್‌ಸ್ಟೈನ್ 1960ರಲ್ಲಿ ತೀರಿಕೊಂಡರು. ಅವರ ಮನೆಯಲ್ಲಿ ಆಡಿ ಬೆಳೆದ ಹುಡುಗನೊಬ್ಬ ಶಾಲೆಯಲ್ಲಿದ್ದಾಗ ತಾನೊಂದು ಮ್ಯೂಸಿಕಲ್ ಬರೆದು ತೋರಿಸಿದ್ದ. ಇಷ್ಟು ಕೆಟ್ಟದ್ದನ್ನು ತಾನು ಓದಿಯೇ ಇಲ್ಲವೆಂದು ಹೇಳಿ, ಒಂದು ಮಧ್ಯಾಹ್ನವಿಡೀ ಕೂರಿಸಿಕೊಂಡು ಏಕೆ ಕೆಟ್ಟದ್ದೆಂದು ಪಾಠ ಮಾಡಿದರಂತೆ. ಆ ಹುಡುಗ ಸ್ಟೀಫನ್ ಸಾಂಡ್‌ಹೈಮ್. ಅವರ 1979ರ ‘ಸ್ವೀನಿ ಟಾಡ್’ ಲಂಡನ್ನಿನ ಕ್ಷೌರಿಕನೊಬ್ಬನ ಕಥೆ. ಕುರ್ಚಿಗೆ ಕೂತ ಗಿರಾಕಿಗಳ ಕತ್ತು ಸೀಳುತ್ತಾನೆ. ಕೆಳಗಿನ ಅಂಗಡಿಯವಳು ಆ ಮಾಂಸದಲ್ಲಿ ಕಡುಬು ಮಾಡಿ ಮಾರುತ್ತಾಳೆ. ಯಾವ ಉದ್ಯೋಗದವರು ಎಂಥ ರುಚಿ ಎಂದು ಇಬ್ಬರೂ ವಾಲ್ಟ್ಸ್ ನಡೆಯಲ್ಲಿ, ಪ್ರಾಸದ ಮೇಲೆ ಪ್ರಾಸ ಪೇರಿಸಿ ಹಾಡುತ್ತಾರೆ. ಅಮ್ಮ ತಲೆದೂಗಿ, “ಎಷ್ಟು ಖುಷಿಯಾಗಿದೆ, ಏನ್ ಹಾಡೋ ಇದು?” ಎಂದರು. “ಅಡುಗೆ ಹಾಡಮ್ಮ” ಎಂದೆ. ಸುಳ್ಳಲ್ಲವಲ್ಲ.

ಅಲ್ಲಿಂದ ಮುಂದೆ ನನ್ನ ಉತ್ಸಾಹ ಕುಂದಿತು. ‘ಕ್ಯಾಟ್ಸ್’ನಲ್ಲಿ ಬೆಕ್ಕುಗಳು ಒಂದೊಂದಾಗಿ ಬಂದು ಪರಿಚಯ ಹೇಳಿಕೊಳ್ಳುತ್ತವೆ, ಪರಿಚಯ ಮುಗಿಯುವಾಗ ನಾಟಕವೂ ಮುಗಿಯುತ್ತದೆ. ‘ದ ಫ್ಯಾಂಟಮ್ ಆಫ್ ದಿ ಆಪೆರಾ’ 1988ರಿಂದ 2023ರವರೆಗೆ ಬ್ರಾಡ್‌ವೇಯಲ್ಲಿ 13,981 ಸಲ ನಡೆಯಿತು. ಅದರ ಹೆಗ್ಗಳಿಕೆ ಮೇಲಿನಿಂದ ಬೀಳುವ ತೂಗುದೀಪ. ಕಿವಿಯಲ್ಲಿ ಕೇಳುವವನಿಗೆ ಅದು ಬಿದ್ದರೆಷ್ಟು, ಬಿಟ್ಟರೆಷ್ಟು?

ಕೇಳಬೇಕೆಂಬ ಮನಸ್ಸಾದರೆ ನನ್ನ ಹಾಗೆ ವರ್ಷದ ಕ್ರಮ ಹಿಡಿಯಬೇಡಿ. ಜೀರೋ ಮಾಸ್ಟೆಲ್ ಹಾಡಿರುವ ‘ಫಿಡ್ಲರ್’ನಿಂದ ಶುರುಮಾಡಿ. ಆಮೇಲೆ ‘ಮೈ ಫೇರ್ ಲೇಡಿ’. ಅದರಲ್ಲಿ 1956ರ ನ್ಯೂಯಾರ್ಕಿನ ಮೋನೋ ಆಲ್ಬಮ್ಮನ್ನೇ ಹುಡುಕಿ. ಅದೇ ನಟರು 1959ರಲ್ಲಿ ಲಂಡನ್ನಿನಲ್ಲಿ ಸ್ಟೀರಿಯೋಗೆಂದು ಮತ್ತೆ ಹಾಡಿದ್ದರಲ್ಲಿ ಆ ಹುರುಪಿಲ್ಲ. ಕಥೆಯನ್ನು ಮೊದಲೇ ಓದಿಕೊಳ್ಳಬೇಡಿ, ಮನೆಯಲ್ಲಿ ಹಿರಿಯರಿದ್ದರೆ ಅವರೇ ಹೇಳುತ್ತಾರೆ. ‘ಸ್ವೀನಿ ಟಾಡ್’ ಮಾತ್ರ ಊಟವಾದ ಮೇಲೆ ಹಾಕಿ.