ಭಾವನ ವೆಟ್‌ಸೂಟ್

ಸಾಂತಾ ಕ್ರೂಝ್‌ನಲ್ಲಿ ಸರ್ಫಿಂಗ್ ಮಾಡುವ ನಮ್ಮ ಭಾವನಿಗೆ ಹಳೇ ವೆಟ್‌ಸೂಟ್ ಬಿಡಲು ಮನಸ್ಸಿಲ್ಲ. ಅಲ್ಲಿನ ಕಡಲು ಬೇಸಿಗೆಯಲ್ಲೂ ಹಲ್ಲು ಕಟಕಟಿಸುವಷ್ಟು ತಣ್ಣಗೆ. ಮೈ ಬೆಚ್ಚಗಿಡುವುದು ಸೂಟಿನ ನಿಯೋಪ್ರೀನ್ ರಬ್ಬರಿನೊಳಗಿನ ಅನಿಲದ ಪುಟ್ಟ ಗುಳ್ಳೆಗಳು. 1950ರ ದಶಕದ ಆರಂಭದಲ್ಲಿ ಈ ಗುಟ್ಟು ಹಿಡಿದವರು ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ಬಳಸಿ ಬಳಸಿ ಗುಳ್ಳೆ ಚಪ್ಪಟೆಯಾಯಿತೋ, ಸೂಟು ತೆಳುವಾಗಿ ಗಡುಸಾಗುತ್ತದೆ. ಹೊಲಿಗೆ ಬಿಟ್ಟಿತೋ, ಪ್ರತಿ ಅಲೆಗೂ ಬೆನ್ನಿಗೆ ತಣ್ಣೀರಿನ ಅಭಿಷೇಕ. ಒಂದೆರಡು ತೂತಿಗೆ ಅಂಟು ಹಚ್ಚಬಹುದು, ಸತ್ತ ರಬ್ಬರಿಗೆ ಔಷಧಿಯಿಲ್ಲ.

"ಬಿಗಿಯಾಗ್ತಿದೆ, ಸೂಟು ಕುಗ್ಗಿದೆ ಕಣೋ" ಅನ್ನುತ್ತಾರೆ. (ಕುಗ್ಗಿದ್ದು ಸೂಟೋ, ಹಿಗ್ಗಿದ್ದು ಹೊಟ್ಟೆಯೋ? ಅಕ್ಕನ ತೀರ್ಪು ಹೊರಬಿದ್ದಾಗಿದೆ.) ವಾಸನೆಯ ಮಾತು ಬೇಡ, ನೀರಲ್ಲಿದ್ದಾಗ ಸೂಟಿನೊಳಗೇ 'ಒಂದಕ್ಕೆ' ಹೋಗದ ಸರ್ಫರ್ ಸಿಗುವುದು ಕಷ್ಟ. ಹೊಸದು ತಗೊಳ್ಳಿ ಅಂದರೆ, "ಇದು ಈಗಷ್ಟೇ ಮೈಗೆ ಒಗ್ಗಿದೆ" ಅನ್ನುತ್ತಾರೆ, ನೀಲಿಗಟ್ಟಿದ ತುಟಿಯಲ್ಲೇ.